ದೊಡ್ಡ ಕುದುರೆಗೆ ಅಗಲದ ಲಾಳ

ಅಪ್ಪಾ,

ಬಡವನಹಳ್ಳಿಯ ನಮ್ಮ ಅಂಗಳದಲ್ಲೇ ಕೂತು ಬರೆಯುತ್ತಿದ್ದೇನೆ. ನೀನು ಹೋಗಿ ವರ್ಷವಾಯಿತು. ಲಾಳ ಕಟ್ಟುವ ಕೆಲಸ ನಿಂತಿಲ್ಲ. ದೊಡ್ಡೇರಿ ಕಡೆಯ ಎತ್ತುಗಳು ಈಗ ನಿನ್ನ ಮಗಳ ಹತ್ತಿರವೇ ಬರುತ್ತವೆ.

ಆದರೆ ಒಂದು ವಿಷಯ ಅವ್ವನಿಗೂ ಹೇಳಿಲ್ಲ. ಹುಣಸೆಮರದ ಕೆಳಗೆ, ಕೈಯಲ್ಲಿ ಗೊರಸು ಉಜ್ಜುವ ಅರ ಹಿಡಿದುಕೊಂಡೇ ನೀನು ಕುಸಿದು ಪ್ರಾಣ ಬಿಟ್ಟೆಯಲ್ಲ, ಆ ಜಾಗವನ್ನು ಒಂದು ಎತ್ತೂ ತುಳಿಯುವುದಿಲ್ಲ. ಹಗ್ಗ ಹಿಡಿದು ಎಳೆದರೂ ಬಳಸಿಕೊಂಡೇ ಹೋಗುತ್ತವೆ. ನಿನ್ನನ್ನು ಕಾಣದ ಹೊಸ ಎತ್ತುಗಳೂ ಅಷ್ಟೇ. ಅವಕ್ಕೆ ಯಾರು ಹೇಳಿದರು?

ಹೋದ ತಿಂಗಳು ಮಟಮಟ ಮಧ್ಯಾಹ್ನ ಶಿರಾದಿಂದ ಖಾದರ್ ಸಾಬರು ಬಂದರು. ಮದುವೆಗಳಿಗೆ ಸಾರೋಟು ಬಾಡಿಗೆ ಕೊಡುವವರು. ಅವರು ಲಾರಿಯಿಂದ ಇಳಿಸಿದ ಕುದುರೆಯನ್ನು ನೀನು ನೋಡಬೇಕಿತ್ತು. ಜಟಕಾ ಕುದುರೆಯ ಎರಡರಷ್ಟು ಮೈ, ಊಟದ ತಟ್ಟೆಯಷ್ಟು ಗೊರಸು. ಮುಂಗಾಲು ಕುಂಟುತ್ತಿತ್ತು.

"ಮೂರು ತಿಂಗ್ಳಿಂದ ಹಿಂಗೇ ಕಣಮ್ಮ. ಭಾರ ಎಳಿಯೋ ಜಾನ್ವರು, ದಪ್ಪ ಲಾಳ ತಂದಿವ್ನಿ, ಹೊಡ್ದುಬುಡು. ಈ ಸತಿನೂ ನಡೀಲಿಲ್ಲ ಅಂದ್ರೆ ಮಾರ್ಬುಡ್ತೀನಿ. ತಗಂಡೋರು ಏನ್ಮಾಡ್ತಾರೋ, ಅಲ್ಲಾನೇ ಬಲ್ಲ," ಎಂದರು.

ಎತ್ತನ್ನಾದರೆ ಕೆಡವಿ ಕಾಲು ಕಟ್ಟುತ್ತೇವೆ. ಕುದುರೆ ನಿಂತೇ ಇರುತ್ತದೆ, ಒದ್ದರೆ ಮುಗಿಯಿತು. ನೀನಿಲ್ಲದೆ ನಾನು ಒಂದು ಕುದುರೆಯನ್ನೂ ಮುಟ್ಟಿರಲಿಲ್ಲ. ಆಗಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅದು ಸಾಬರ ಕೈಯಿಂದ ಹಗ್ಗ ಬಿಡಿಸಿಕೊಂಡು, ನೆಟ್ಟಗೆ ಹೋಗಿ ಹುಣಸೆಮರದ ಕೆಳಗೆ ಆ ಜಾಗದಲ್ಲೇ ನಿಂತಿತು. ತಲೆ ತಗ್ಗಿಸಿತು. ಯಾರೋ ಕೇಳಿದ ಹಾಗೆ ಕುಂಟುಗಾಲನ್ನು ಎತ್ತಿತು. ಹಿಡಿಯುವವರಿಲ್ಲದೆ ಆ ಕಾಲು ಗಾಳಿಯಲ್ಲಿ ಹಾಗೇ...

ಹೋಗಿ ಹಿಡಿದೆ. ಹಳೆಯ ಲಾಳ ಕಿತ್ತಾಗ ತಿಳಿಯಿತು, ಇಕ್ಕಟ್ಟಾದ ಲಾಳಕ್ಕೆ ಹೊಂದಿಸಲು ಯಾರೋ ಗೊರಸಿನ ಅಂಚನ್ನೇ ಉಜ್ಜಿಹಾಕಿದ್ದರು. ಹಿಮ್ಮಡಿಯವರೆಗೂ ಮೊಳೆ. ಸಾಬರು ತಂದದ್ದು ಅದಕ್ಕಿಂತ ಇಕ್ಕಟ್ಟು, ದಪ್ಪ ಮಾತ್ರ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒದ್ದೆ ಮರಳಿನ ಮೇಲೆ ಜಟಕಾ ಕುದುರೆಯ ಕಾಲಿಡಿಸಿ ತೋರಿಸಿದ್ದೆಯಲ್ಲ? "ಭಾರ ಬಿದ್ರೆ ಗೊರ್ಸು ಹೆಂಗೆ ಅಗ್ಲ ಆಯ್ತದೆ ನೋಡವ್ವ. ಹಿಂದ್ಗಡೆ ಮೊಳೆ ಹೊಡುದ್ರೆ ಅದಕ್ಕೆ ಜಾಗ ಎಲ್ಲೈತೆ?" ಎಂದಿದ್ದೆ ನೀನು.

"ದಪ್ಪ ಬ್ಯಾಡ ಸಾಬ್ರೇ, ಅಗ್ಲ ಬೇಕು," ಎಂದೆ. ಅದರ ಕಾಲಡಿಗೇ ಒದ್ದೆ ಮರಳು ಸುರಿದು ಅಚ್ಚು ತೆಗೆದು, ಪಟ್ಟಿ ಕಬ್ಬಿಣ ಕಾಸಿ ಅದರ ಅಳತೆಗೇ ಬಡಿದು, ಹಿಂದೆ ತುಸು ಹೆಚ್ಚು ಬಿಟ್ಟು, ಮೊಳೆಗಳನ್ನೆಲ್ಲ ಮುಂದಿನ ಭಾಗಕ್ಕೇ ಹೊಡೆದೆ. ಅಷ್ಟು ಹೊತ್ತೂ ಕುದುರೆ ಅಲ್ಲಿಂದ ಕದಲಲಿಲ್ಲ. ಕಿವಿ ಮಾತ್ರ ನನ್ನ ಬೆನ್ನ ಹಿಂದಕ್ಕೆ ತಿರುಗಿಕೊಂಡೇ ಇತ್ತು. ಸಾಬರು ನಿಂತಿದ್ದು ನನ್ನ ಎದುರಿಗೆ. ನಾನು ಹಿಂತಿರುಗಿ ನೋಡಲಿಲ್ಲ. ನೋಡಬೇಕಿತ್ತೇ?

ಕೆಲಸ ಮುಗಿದರೂ ಅದು ಹೊರಡಲೊಲ್ಲದು. ಸಾಬರು ಎಳೆದರು, ಕತ್ತು ಸವರಿ ಕರೆದರು. ಕೊನೆಗೆ ನಾನು ಮೆಲ್ಲಗೆ, "ಆಯ್ತು, ಬುಡು," ಎಂದೆ. ಕುದುರೆಗೆ ಹೇಳಿದೆನೋ, ನಿನಗೋ, ಇವತ್ತಿಗೂ ತಿಳಿಯದು. ಅದು ತಗ್ಗಿಸಿದ್ದ ತಲೆಯನ್ನು ಮೇಲೆತ್ತಿ ಒಮ್ಮೆ ಕೊಡವಿ, ಕಾಲು ಪೂರ್ತಿ ಊರಿ, ಲಾರಿಯತ್ತ ನಡೆಯಿತು. ಸಾಬರು ನನ್ನ ಮುಖವನ್ನೂ ನೋಡದೆ ಬೇಗಬೇಗ ಹೋದರು.

ನಿನಗೆ ತಿಳಿಯದ ಸುದ್ದಿ ಇದು: ಅದು ಈಗ ಕುಂಟುವುದಿಲ್ಲ, ಸಾಬರು ಮಾರಲೂ ಇಲ್ಲ. ಸೋಮವಾರ ಪಾವಗಡದಿಂದ ಅಂಥದ್ದೇ ಇನ್ನೊಂದು ಬರುತ್ತಿದೆ. ಒಪ್ಪಿಕೊಂಡಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ ಅಪ್ಪಾ, ಅವತ್ತು ನೀನು ಬರಬೇಡ. ನಾನೊಬ್ಬಳೇ ಕಾಲು ಹಿಡಿಯುತ್ತೇನೆ.