ಆ ನಾಲ್ಕು ಇಲಿಗಳು

ವಡೋದರಾ
9 ಫೆಬ್ರವರಿ 2025

ಪ್ರೀತಿಯ ಮನಸ್ವಿನಿ,

ಹೇಗಿದ್ದೀಯೇ? ದೀಪಾವಳಿಗೆ ನೀನು ಸೂರತ್‌ನಿಂದ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ತಪ್ಪು ನನ್ನದೇ. ಚಾಂದ್‌ಖೇಡಾದ ರೂಮಿನಲ್ಲಿ ಒಂದೇ ಕುಕ್ಕರಿನಲ್ಲಿ ಬೇಯಿಸಿಕೊಂಡು ಪಿಎಚ್‌ಡಿ ಮುಗಿಸಿದವರು ನಾವು. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಲ್ಯಾಬಿನಲ್ಲಿ ಅಷ್ಟು ಹೊತ್ತು ಏನು ಮಾಡ್ತೀಯ ಅಂತ ಅತ್ತೆ ಕೇಳಿದರು. ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ, ರೋಗದ ಜೊತೆ ಹೋರಾಡುವ ಟಿ ಕೋಶಗಳು ಅಲ್ಲಿ ಪಳಗುತ್ತವೆ ಅಂದೆ. ದೇಹ ತನ್ನದೇ ಪ್ರೋಟೀನಿನ ಚೂರುಗಳನ್ನು, ಅಂದರೆ ಪೆಪ್ಟೈಡ್‌ಗಳನ್ನು, ಅವಕ್ಕೆ ತೋರಿಸುತ್ತದೆ. ಯಾವುದನ್ನೂ ಗುರುತಿಸದ ಕೋಶ ಸಾಯುತ್ತದೆ. ಹದವಾಗಿ ಹಿಡಿದದ್ದು ಉಳಿಯುತ್ತದೆ. ಬಿಗಿಯಾಗಿ ಹಿಡಿದದ್ದು ಮುಂದೆ ನಮ್ಮನ್ನೇ ತಿಂದೀತೆಂದು ದೇಹ ಅದನ್ನೂ ಸಾಯಿಸುತ್ತದೆ. ಹಾಗಾದರೆ ಉಳಿಯೋದು ಕಮ್ಮಿಯೇ ಅಂದರು ಅತ್ತೆ.

ನಮ್ಮ ಲ್ಯಾಬಿನ ಮುಖ್ಯಸ್ಥರು ನಿನಗೂ ಗೊತ್ತಿರುವ ಶೇಷಾದ್ರಿ ಸರ್. ಒಂದು ಪೆಪ್ಟೈಡನ್ನು ಬಿಗಿಯಾಗಿ ಹಿಡಿದ ಕೋಶಗಳೆಲ್ಲ ಸಾಯುತ್ತವೆ ಅನ್ನುವುದು ಅವರ ಪ್ರಬಂಧದ ವಾದ. ನನ್ನ ಹನ್ನೊಂದು ಇಲಿಗಳಲ್ಲಿ ನಾಲ್ಕರಲ್ಲಿ ಅವು ಸಾಯಲಿಲ್ಲ. ಬೇರೆ ಕೋಶಗಳ ಆರ್ಭಟ ತಡೆಯುವ ಕೋಶಗಳಾಗಿದ್ದವು.

ಸರ್ ಕರೆದು, "ಆ ನಾಲ್ಕಕ್ಕೆ ಕಾಯಿಲೆ ಇತ್ತು ಅಂತ ಬರೆದು ಕೈಬಿಡಮ್ಮ" ಅಂದರು.

"ಇರಲಿಲ್ಲ ಸರ್. ದಿನಾ ತೂಕ ನೋಡಿದವಳು ನಾನು. ಬರೆಯೋದಿಲ್ಲ."

ಹಾಗಾದರೆ ಪ್ರಬಂಧದಲ್ಲಿ ನಿನ್ನ ಹೆಸರಿರೋದಿಲ್ಲ, ಮಾರ್ಚ್‌ಗೆ ಕಾಂಟ್ರಾಕ್ಟೂ ಮುಗಿಯುತ್ತೆ ಅಂದರು. ಆಗಲಿ ಅಂದೆ. ನನಗೆ ಮಂಜೂರಾಗಿದ್ದ ಇನ್ನೂ ಹನ್ನೆರಡು ಇಲಿಗಳಲ್ಲಿ ಪ್ರಯೋಗ ಮಾಡಿದೆ. ಐದರಲ್ಲಿ ಅದೇ ಫಲ. ನೋಟ್‌ಬುಕ್ಕಿನ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ, ಪ್ರಬಂಧ ಹೋಗಿದ್ದ ಪತ್ರಿಕೆಯ ಸಂಪಾದಕರಿಗೆ ಕಳಿಸಿದೆ. ಕಳೆದ ವಾರ ಉತ್ತರ ಬಂತು, ಪ್ರಕಟಣೆ ತಡೆಹಿಡಿದಿದ್ದಾರೆ.

ಭೋಪಾಲ್‌ನ ಕಾಲೇಜೊಂದರಲ್ಲಿ ಕೆಲಸ ಕೇಳಿದ್ದೇನೆ. ಬಿಎಸ್ಸಿ ಮಕ್ಕಳಿಗೆ ಪಾಠ ಹೇಳಿಕೊಂಡು ಇರುತ್ತೇನೆ. ಕಣ್ಣಾರೆ ಕಂಡದ್ದನ್ನು ಮಾತ್ರ ಅಳಿಸುವುದಿಲ್ಲ.

ನಿನ್ನ ಮಗಳು ಪೂರ್ವಿಗೆ ನನ್ನ ಆಶೀರ್ವಾದ. ನನ್ನನ್ನು ಚಿಕ್ಕಮ್ಮ ಅನ್ನದೆ ಇಲ್ಲಿಯವರ ಹಾಗೆ ಮಾಸಿ ಅಂತಾಳಲ್ಲ, ಹಾಗೇ ಅನ್ನಲಿ, ಕೇಳಲು ಚೆನ್ನಾಗಿದೆ.

ನಿನ್ನ
ಸುಮಿತ್ರಾ

ತಾ.ಕ.: ಸಂಪಾದಕರು ಪ್ರಬಂಧದ ಪ್ರತಿಯನ್ನೂ ಕಳಿಸಿದ್ದರು. ನನ್ನ ಹೆಸರಿರಬೇಕಾದ ಜಾಗದಲ್ಲಿ ನಿನ್ನ ಹೆಸರಿದೆ, ಮನು. ಲೇಖಕರ ಒಪ್ಪಿಗೆ ಪತ್ರದಲ್ಲಿ ನಿನ್ನ ಸಹಿಯೂ ಇದೆ. ಎರಡು ದಿನ ಊಟ ಸೇರಲಿಲ್ಲ. ಸರ್ ಕೇಳಿದಾಗ ನನಗೊಂದು ಫೋನ್ ಮಾಡಬಹುದಿತ್ತು. ಹೆಸರು ತೆಗೆಯಿರಿ ಅಂತ ಸಂಪಾದಕರಿಗೆ ನೀನೇ ಬರೆ. ಶುಕ್ರವಾರದವರೆಗೆ ಕಾಯುತ್ತೇನೆ. ಆಮೇಲೆ ನಾನೇ ಬರೆಯುತ್ತೇನೆ.