ಸರಪಳಿಯ ಸದ್ದು

ಎಂಜಿನ್ ಪರೀಕ್ಷಾ ಕೊಠಡಿ,
ಸೋಮವಾರ, ಊಟದ ಬಿಡುವು

ಪ್ರೀತಿಯ ಮೆಣಸಿನಕಾಯಿ,

ತಂಗಿಯ ಮನೆಯಲ್ಲಿ ಉಂಡು, ಮಲಗಿ, ಹೊರಡುವಾಗ ಅವಳ ಆಸ್ತಿಯನ್ನೇ ಲಪಟಾಯಿಸಿದ ಪಾಪಿ ನಾನೆಂದು ಈ ಮೂಲಕ ಗಂಭೀರವಾಗಿ ಒಪ್ಪಿಕೊಳ್ಳುತ್ತೇನೆ. ಕದ್ದ ಮಾಲು: ನಿನ್ನ ಕಾರಿನ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ಫ್ಯೂಸ್. ಗಾತ್ರ, ಕಿರುಬೆರಳ ಉಗುರಿನಷ್ಟು. ಬೆಳಗ್ಗೆ ಕಾರು ತನ್ನ ಕಾರುಬಾರು ನಿಲ್ಲಿಸಿದ್ದಕ್ಕೆ ಮನೆಮಂದಿಯನ್ನೆಲ್ಲ ಬೈದಿರುತ್ತೀಯ. ಪಾಪ, ಅವರನ್ನು ಬಿಟ್ಟುಬಿಡು. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ ಅಂತ ಕಾರ್ಖಾನೆಯ ಚಾಲಕನ ಕೈಲಿ ಈ ಪತ್ರ ಕಳಿಸುತ್ತಿದ್ದೇನೆ.

ಕಾರಣ ಕೇಳು. ನಿನ್ನ ಕಾರಿನಲ್ಲಿರುವ ನಮ್ಮ ಕಂಪನಿಯ ಎಂಜಿನ್ನಿನೊಳಗೆ ಒಂದು ಸರಪಳಿಯಿದೆ. ಅದು ಜಾರದಂತೆ ಒತ್ತಿ ಹಿಡಿಯಲು ಪ್ಲಾಸ್ಟಿಕ್ಕಿನ ಒಂದು ಪಟ್ಟಿ. ಬಿಸಿಗೆ ಬೆಂದು ಬೆಂದು ಪಟ್ಟಿ ಒಂದು ದಿನ ಪುಡಿಯಾಗುತ್ತದೆ. ಸರಪಳಿ ಜಾರಿದರೆ ಎಂಜಿನ್ ಓಡುತ್ತಿರುವಾಗಲೇ ಸಾಯುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕು ಕಲ್ಲಾಗುತ್ತದೆ. ಇಂಥದ್ದನ್ನು ನಮ್ಮ ಮಹಾಶಯರು ಎಂಜಿನ್ನಿನ ಬೆನ್ನಿಗೆ, ಗೇರ್‌ಬಾಕ್ಸಿನ ಕಡೆ ಅಡಗಿಸಿದ್ದಾರೆ. ಅಂಗೈಯಷ್ಟು ಪಟ್ಟಿ ಬದಲಿಸಲು ಇಡೀ ಎಂಜಿನ್ ಕೆಳಗಿಳಿಸಬೇಕು, ಬೆನ್ನು ಕೆರೆದುಕೊಳ್ಳಲು ತೋಳು ಕಳಚಿಟ್ಟ ಹಾಗೆ. ಆದ್ದರಿಂದ ಯಾರೂ ಬದಲಿಸುವುದಿಲ್ಲ.

ಮುರಿಯುವ ಮುಂಚೆ ಅದು ಸುಳಿವು ಕೊಡುತ್ತದೆ. ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗ ಕ್ಷಣಮಾತ್ರ ಗಿಲಿಗಿಲಿ ಸದ್ದು. ಅದನ್ನು ಹಿಡಿಯುವುದೇ ನನ್ನ ಹೊಟ್ಟೆಪಾಡು. ಮರದ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೆ ಆನಿಸಿ, ಇನ್ನೊಂದಕ್ಕೆ ಕಿವಿಗೊಟ್ಟು, ನಾನು ತಲೆಯಾಡಿಸಿದರೆ ಮಾತ್ರ ಅದು ಗೇಟು ದಾಟುತ್ತದೆ. ಎಷ್ಟು ಯಂತ್ರ ತಂದಿಟ್ಟರೂ ಕೊನೆಯ ಮಾತು ನನ್ನ ಕಿವಿಯದೇ. ಹಿತ್ತಾಳೆ ಕಿವಿಯ ಸಾಹೇಬರುಗಳ ನಡುವೆ ಚಿನ್ನದ ಕಿವಿ ನನ್ನೊಬ್ಬನದು. ನಿನ್ನೆ ನಿನ್ನ ಕಾರಿನಲ್ಲಿ ಆ ಸದ್ದು ಈ ಕಿವಿಗೆ ಬಿತ್ತು.

ನಕ್ಷೆ ಕೋಣೆಯ ನನ್ನ ಗೆಳೆಯ ಉದ್ದಣ್ಣ ಗೊತ್ತಲ್ಲ? ಅವನ ಹೆಂಡತಿಯೂ ಇಂಥದೇ ಕಾರು ಓಡಿಸುತ್ತಿದ್ದಳು. ಇಳಿಜಾರಿನಲ್ಲಿ ಎಂಜಿನ್ ನಿಂತಿತು. ಕೆಳಗೆ ಗೋಡೆಯಿತ್ತು. ಅವಳ ತಿಥಿ ಮುಗಿದ ಮೇಲೆ ಅವನು ನನ್ನ ಕೊಠಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಸ್ವಲ್ಪ ದಿನ ಮುಂಚೆ ಆ ಕಾರನ್ನು ಪರೀಕ್ಷಿಸಿಕೊಟ್ಟವನು ನಾನೇ.

"ನಿಜ ಹೇಳು, ಆವತ್ತು ಏನೂ ಕೇಳಿಸಲಿಲ್ವಾ?" ಅಂದ.

"ಇದ್ದಿದ್ರೆ ನನ್ನ ಕಿವಿ ಬಿಡ್ತಿತ್ತೇನೋ? ಕೆಲವು ಸದ್ದು ಮಾಡದೇನೇ ಮುರಿಯುತ್ವೆ," ಅಂದೆ.

ಅವನು ನಂಬಿದ. ಆ ಪಟ್ಟಿಯ ನಕ್ಷೆ ಬರೆದದ್ದು ಅವನೇ. ತನ್ನ ಬಲಗೈಯನ್ನು ಮಗುಚಿ ಮಗುಚಿ ನೋಡುತ್ತ ಬಹಳ ಹೊತ್ತು ಕೂತಿದ್ದ. ಮರುದಿನದಿಂದ ಕೆಲಸಕ್ಕೆ ಬಂದಿಲ್ಲ.

ನೀನು ದಿನವೂ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಗುಡ್ಡ ಇಳಿಯುವವಳು. ಹೊಸ ಫ್ಯೂಸ್ ಹಾಕಿಸಬೇಡ ಕಣೇ. ನಡೆದು ಹೋಗು, ಬಸ್ಸಿಗೆ ಹೋಗು, ಗಂಡನ ಹೆಗಲೇರಿ ಹೋಗು. ದಾರಿಯುದ್ದಕ್ಕೂ ನನ್ನನ್ನು ಬೈಯುತ್ತ ಹೋಗು.

ಇಂತಿ ನಿನ್ನ ಕಳ್ಳ,
ಅಣ್ಣ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಆ ಸದ್ದು ಕೇಳಿಸಿದ್ದು ನನಗಲ್ಲ, ನಿನ್ನ ಗಂಡನಿಗೆ. "ಭಾವ, ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗಿದೆಯಲ್ಲ?" ಅಂದರು. ಬಾನೆಟ್ಟಿನ ಮೇಲೆ ಬಗ್ಗಿ ನಿಂತಿದ್ದ ನನಗೆ ಏನೂ ಕೇಳಿಸಲಿಲ್ಲ. ತೆಳುವಾದ ಸದ್ದುಗಳು ನನ್ನ ಕಿವಿ ಬಿಟ್ಟು ಬಹಳ ಕಾಲವಾಯಿತು. ಇಲ್ಲಿ ಪಕ್ಕದಲ್ಲಿ ನಿಂತವರ ಮುಖ ನೋಡಿಕೊಂಡು ತಲೆಯಾಡಿಸುತ್ತೇನೆ. ಉದ್ದಣ್ಣನ ಹೆಂಡತಿಯ ಕಾರು ಬಂದ ದಿನ ಪಕ್ಕದಲ್ಲಿ ಯಾರೂ ಇರಲಿಲ್ಲ.