ತೊಂಬತ್ತಾರನೆಯ ಪುಟದ ಮಸಿ

ವೀರ್ಲಾ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಬರೀ ಹೆಸರೇ ಸಾಕು.

ನಮ್ಮ ಕಾಮಿಕ್ಸ್ ಮುಗಿಯಿತು. ಕಳೆದ ಭಾನುವಾರ ತೊಂಬತ್ತಾರನೆಯ ಪುಟವನ್ನು ಅಂತರ್ಜಾಲಕ್ಕೆ ಹಾಕಿದೆ. ಸುಮಾರು ಎರಡು ವರ್ಷ, ಒಂದು ಭಾನುವಾರವೂ ತಪ್ಪದೆ ವಾರಕ್ಕೊಂದು ಪುಟ. ಸಂಜೆಯೊಳಗೆ ಮುನ್ನೂರು ಜನ ಕೇಳಿದರು: ‘ಬೆಕ್ಕು ಎಲ್ಲಿ?’

ನಾವು ಬರೆಯಹೊರಟದ್ದು ಬೆಕ್ಕಿನ ಕಥೆಯಲ್ಲ. ನಮ್ಮ ಗೆಂಟ್ ಊರಿನ ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ನನ್ನಮ್ಮನೂ ಇನ್ನೇಳು ಹೆಂಗಸರೂ ಹನ್ನೊಂದು ವಾರ ಮುಷ್ಕರ ಹೂಡಿ, ಸೋತು, ಕೆಲಸ ಕಳೆದುಕೊಂಡ ಕಥೆ. ಒಂದು ಪತ್ರಿಕೆಯೂ ಬರೆಯದ ಕಥೆ. ಕಾರ್ಮಿಕ ಸಂಘದ ಕಚೇರಿಯ ಕರಪತ್ರಗಳನ್ನು ಓದಿ ಓದಿ ನಾನು ಕಲಿತದ್ದು ಒಂದೇ: ದುಡಿದವರ ಕಥೆಯನ್ನು ದುಡಿದವರೇ ಹೇಳದಿದ್ದರೆ ಮಾಲೀಕ ಹೇಳುತ್ತಾನೆ. ಅದಕ್ಕೇ ಮೊದಲ ಪುಟದ ಬೆನ್ನಿಗೆ ಬರೆದೆವು, ‘ಇದರ ಒಂದು ಗೆರೆಯನ್ನೂ ಮಾರುವುದಿಲ್ಲ.’ ನೀನು ನಗುತ್ತಲೇ ಸಹಿ ಹಾಕಿದೆ.

ಒಂಬತ್ತನೆಯ ಪುಟದ ಮೇಲೆ ನನ್ನ ಮಸಿ ಬಾಟಲಿ ಉರುಳಿತು. ಹರಿಯಹೊರಟ ನನ್ನ ಕೈಯಿಂದ ನೀನು ಹಾಳೆ ಕಿತ್ತುಕೊಂಡೆ. ‘ಹರಿದ್ರೆ ಕೈ ಮುರೀತೀನಿ ನೋಡು! ನಿಮ್ಮ ಕ್ರಾಂತಿಗೆ ಒಂದು ಬೆಕ್ಕಾದ್ರೂ ಬೇಡ್ವೇನಪ್ಪಾ?’ ಆಲೂಗಡ್ಡೆ ಫ್ರೈಸ್ ತಿಂದ ಜಿಡ್ಡು ಕೈಯಲ್ಲೇ ಆ ಮಸಿಗೆ ಎರಡು ಕಿವಿ, ಒಂದು ಬಾಲ. ಇಸ್ತ್ರಿ ಯಂತ್ರದ ಕೆಳಗೆ ಕೂತು ಎಂಟು ಜನರನ್ನು ನೋಡುವ ಬೆಕ್ಕು ಹುಟ್ಟಿತು.

ಸುಳ್ಳು ಹೇಳಲಾರೆ. ಆ ಬೆಕ್ಕಿನಿಂದ ಓದುಗರು ಹೆಚ್ಚಿದಾಗ ನಾನೂ ಹಿಗ್ಗಿದೆ. ಇಸ್ತ್ರಿ ಯಂತ್ರದಲ್ಲಿ ಅಮ್ಮನ ಕೈ ಸುಟ್ಟ ಪುಟದಲ್ಲೂ ಮೂಲೆಯಲ್ಲಿ ಬಾಲ ತೂರಿಸಿದವನು ನಾನೇ.

ಆಮೇಲೆ ನೀನು ಆ ಬೆಕ್ಕಿನ ಚಿತ್ರವನ್ನು ಬಟ್ಟೆ ಸೋಪಿನ ಪುಡಿಯ ಕಂಪನಿಗೆ ಮಾರಿದೆ. ಟ್ರಾಮಿನಲ್ಲಿ ನಿಂತು ಹೇಳಿದೆ: ‘ಮುಷ್ಕರ ನಿಂದು, ವಾನ್ನೆಸ್. ಬೆಕ್ಕು ನಂದು. ನಿನ್ನ ಕರಪತ್ರ ಓದೋರು ಹತ್ತು ಜನ. ಬೆಕ್ಕನ್ನ ಊರೆಲ್ಲ ನೋಡುತ್ತೆ.’ ಮುಂದಿನ ನಿಲ್ದಾಣದಲ್ಲಿ ನೀನು ಇಳಿದುಬಿಟ್ಟೆ. ಅಲ್ಲಿಂದ ನಾವು ಮಾತಾಡಿಲ್ಲ.

ನಿನಗೆ ಗೊತ್ತಿಲ್ಲದ್ದು ಆಮೇಲಿನದು. ಒಂದು ಶನಿವಾರ ಅಮ್ಮ ಅಂಗಡಿಯಿಂದ ಏದುಸಿರು ಬಿಡುತ್ತ ಬಂದಳು, ಎದೆಗೆ ಒಂದು ದೊಡ್ಡ ಡಬ್ಬ ಅವಚಿಕೊಂಡು. ‘ನೋಡೋ, ನಮ್ಮ ಬೆಕ್ಕು! ಅಂಗಡಿ ತುಂಬ ನಮ್ಮ ಬೆಕ್ಕೇ ಕಣೋ!’ ಮುಷ್ಕರದ ಕಥೆ ಕೊನೆಗೂ ಊರಿಗೆ ತಲುಪಿತೆಂದು ಅವಳು ತಿಳಿದಿದ್ದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ವರ್ಷಗಳಿಂದ ನೋಡಿರಲಿಲ್ಲ. ಕನ್ನಡಕ ಹಾಕಿಕೊಂಡು ಡಬ್ಬವನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು. ‘ನಮ್ಮ ಎಂಟು ಜನರ ಹೆಸರು ಎಲ್ಲಿ ಹಾಕಿದಾರೆ?’

ಬಿಳಿ ಬಟ್ಟೆಗೆ ಎಷ್ಟು ಪುಡಿ, ಬಣ್ಣದ ಬಟ್ಟೆಗೆ ಎಷ್ಟು ಪುಡಿ ಎಂದಿತ್ತು. ಅವಳೇ ಅರ್ಥ ಮಾಡಿಕೊಂಡು ಡಬ್ಬವನ್ನು ಸಿಂಕಿನ ಕೆಳಗೆ ತಳ್ಳಿದಳು.

ನೀನು ಹೇಳಿದ್ದು ನಿಜ, ಊರೆಲ್ಲ ನೋಡಿತು. ಏನನ್ನು?

ಕೊನೆಯ ಪುಟದಲ್ಲಿ ಎಂಟು ಜನ ಗೇಟು ದಾಟಿ ಹೋಗುತ್ತಾರೆ. ಒಬ್ಬೊಬ್ಬರ ತಲೆಯ ಮೇಲೂ ಅವರವರ ಹೆಸರು ಬರೆದಿದ್ದೇನೆ. ಮೂಲೆಯಲ್ಲಿ ಬೇಕೆಂದೇ ಮಸಿ ಚೆಲ್ಲಿದ್ದೇನೆ. ಕಿವಿಯಿಲ್ಲ, ಬಾಲವಿಲ್ಲ.

ಅಂತರ್ಜಾಲಕ್ಕೆ ಹಾಕುವ ಮುಂಚೆ ಅಮ್ಮನಿಗೆ ತೋರಿಸಿದೆ. ಎಂದಿನಂತೆ ಮೊದಲು, ತನ್ನ ಮೂಗನ್ನು ದೊಡ್ಡದಾಗಿ ಬರೆದದ್ದಕ್ಕೆ ಜಗಳ: ‘ಕೊನೇ ಪುಟದಲ್ಲಾದ್ರೂ ಚಿಕ್ಕದು ಮಾಡಬಾರದಿತ್ತೇನೋ?’ ಆಮೇಲೆ ಸುಟ್ಟ ಬೆರಳನ್ನು ಆ ಮಸಿಯ ಮೇಲಿಟ್ಟಳು. ಒರೆಸಲೇ ಎಂದು ಕೇಳಿದೆ. ‘ಬೇಡ, ಹಾಗೇ ಇರಲಿ. ಮೂವತ್ತು ವರ್ಷ ಉಜ್ಜಿದ್ದು ಸಾಕು.’

ಮುನ್ನೂರು ಜನಕ್ಕೆ ನಾನು ಉತ್ತರ ಕೊಟ್ಟಿಲ್ಲ. ಬೆಕ್ಕು ಎಲ್ಲಿದೆಯೆಂದು ನಿನಗೆ ಗೊತ್ತು, ನೀನೇ ಹೇಳು.

ನಿನ್ನ ಕೈಗೆ ಒಳ್ಳೆಯದಾಗಲಿ. ಹಾಳಾಗಹೊರಟ ಹಾಳೆಯನ್ನು ಒಮ್ಮೆ ಉಳಿಸಿದ ಕೈ ಅದು.

ಇನ್ನು ಬರೆಯದ,
ವಾನ್ನೆಸ್